ವೈರಸ್ ಹೋದ ಮೇಲಿನ ಆರು ವರ್ಷ: ಒಂದು ಪ್ರಕರಣ

ಲಿವರಿಗೆ ತಗಲುವ ಹೆಪಟೈಟಿಸ್ ಸಿ ಅನ್ನುವ ವೈರಸ್‌ಗೆ ಮಾತ್ರೆ ಬಂದ ಮೇಲೆ ನಮ್ಮ ಕಡೆ ಒಂದು ಮಾತು ಸಲೀಸಾಗಿ ಓಡಾಡುತ್ತಿದೆ: "ಮೂರು ತಿಂಗಳು ಮಾತ್ರೆ ನುಂಗಿದರೆ ಮುಗೀತು." ಲಿವರ್ ಇನ್ನೂ ಚೆನ್ನಾಗಿರುವವರಿಗೆ ಇದು ಬಹುಮಟ್ಟಿಗೆ ನಿಜ. ಲಿವರ್ ಆಗಲೇ ಗಟ್ಟಿಯಾಗಿ, ಗಂಟುಗಂಟಾಗಿ, ಸಿರೋಸಿಸ್ ಹಂತ ಮುಟ್ಟಿದವರಿಗೆ ನಿಜ ಅಲ್ಲ. ಮಾತ್ರೆ ಮುಗಿದ ಮೇಲೆ ಅವರಿಗೆ ಏನೇನಾಗುತ್ತದೆ ಅನ್ನುವುದನ್ನು ನಾನು ಒಬ್ಬ ತಾಯಿಯಿಂದ ಕಲಿತೆ. ನನ್ನ ಒಂದು ತಪ್ಪಿನಿಂದಲೂ ಕಲಿತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಫಿಸಿಷಿಯನ್. ಈ ತಾಯಿ ಜಗಳೂರು ಕಡೆಯ ಒಂದು ಹಳ್ಳಿಯವರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಇಲ್ಲಿ ಅಮ್ಮ ಅಂತಲೇ ಬರೆಯುತ್ತೇನೆ. ಓಪಿಡಿಯಲ್ಲಿ ಕರೆಯುತ್ತಿದ್ದುದೂ ಹಾಗೇ.

ಹಿನ್ನೆಲೆ

1993ರಲ್ಲಿ ಅಮ್ಮನಿಗೆ ಎರಡನೇ ಹೆರಿಗೆ. ಆಗಿನ್ನೂ ದಾವಣಗೆರೆ ಬೇರೆ ಜಿಲ್ಲೆ ಆಗಿರಲಿಲ್ಲ, ಚಿತ್ರದುರ್ಗಕ್ಕೇ ಸೇರಿತ್ತು. ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ. ಎರಡು ಬಾಟಲಿ ರಕ್ತ ಹಾಕಿದರು. ಜೀವ ಉಳಿಯಿತು. ಹೆಪಟೈಟಿಸ್ ಸಿ ವೈರಸ್ ಪತ್ತೆಯಾಗಿದ್ದು 1989ರಲ್ಲಿ. ನಮ್ಮ ದೇಶದಲ್ಲಿ ದಾನಿಗಳ ರಕ್ತಕ್ಕೆ ಈ ಪರೀಕ್ಷೆ ಕಡ್ಡಾಯವಾಗಿದ್ದು 2001ರಲ್ಲಿ. ನಡುವಿನ ಆ ವರ್ಷಗಳಲ್ಲಿ ರಕ್ತ ಹಾಕಿಸಿಕೊಂಡ ಎಷ್ಟೋ ಹೆಣ್ಣುಮಕ್ಕಳ ಪೈಕಿ ಇವರೂ ಒಬ್ಬರು. ವೈರಸ್ ಆ ಬಾಟಲಿಯಿಂದಲೇ ಬಂತು ಅಂತ ಸಾಬೀತು ಮಾಡಲು ಆಗುವುದಿಲ್ಲ. ಕುದಿಸಿ ಕುದಿಸಿ ಬಳಸುತ್ತಿದ್ದ ಗಾಜಿನ ಸಿರಿಂಜಿನಿಂದಲೂ ಬಂದಿರಬಹುದು. ಆದರೆ ಅವರ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಅನುಮಾನದ ಗಳಿಗೆ ಇನ್ನೊಂದು ಕಾಣಲಿಲ್ಲ.

ಮುಂದಿನ 19 ವರ್ಷ ಏನೂ ಆಗಲಿಲ್ಲ. ಈ ಕಾಯಿಲೆಯ ಸ್ವಭಾವವೇ ಅದು. ಜ್ವರ ಇಲ್ಲ, ನೋವಿಲ್ಲ, ಬಹಳ ಜನರಿಗೆ ಕಾಮಾಲೆಯೂ ಇಲ್ಲ. 2012ರಲ್ಲಿ ಗರ್ಭಕೋಶದ ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿದಾಗ ಚೀಟಿಯಲ್ಲಿ "ಎಚ್‌ಸಿವಿ ರಿಯಾಕ್ಟಿವ್" ಅಂತ ಬಂತು. ಎಚ್‌ಸಿವಿ ಅಂದರೆ ಹೆಪಟೈಟಿಸ್ ಸಿ ವೈರಸ್, ರಿಯಾಕ್ಟಿವ್ ಅಂದರೆ ಅದರ ಗುರುತು ರಕ್ತದಲ್ಲಿದೆ ಅಂತ. ಆಪರೇಷನ್ ನಡೆಯಿತು. ಆ ಚೀಟಿಯ ಅರ್ಥ ಏನು ಅಂತ ಅವರಿಗೆ ಕೂತು ಹೇಳಿದವರಿಲ್ಲ. "ಇದಕ್ಕೆ ವಾರಕ್ಕೊಂದು ಇಂಜೆಕ್ಷನ್ ಬೇಕು, ಆರು ತಿಂಗಳಿಂದ ಒಂದು ವರ್ಷ, ಲಕ್ಷಗಟ್ಟಲೆ ಆಗುತ್ತೆ" ಅಂತ ಒಬ್ಬರು ಹೇಳಿದ್ದರಂತೆ. ಅದು ಇಂಟರ್‌ಫೆರಾನ್ ಕಾಲ. ಆ ಇಂಜೆಕ್ಷನ್‌ನಿಂದ ಜ್ವರ, ಖಿನ್ನತೆ, ರಕ್ತಕಣ ಕುಸಿತ ಎಲ್ಲ ಬರುತ್ತಿತ್ತು, ಸಿರೋಸಿಸ್ ಇದ್ದವರಲ್ಲಿ ಗುಣವಾಗುವುದೂ ಕಡಿಮೆ. ಮಳೆ ನಂಬಿ ಶೇಂಗಾ, ಮೆಕ್ಕೆಜೋಳ ಬೆಳೆಯುವ ಮನೆ ಅದು. ಚೀಟಿ ಪ್ಲಾಸ್ಟಿಕ್ ಕವರಿಗೆ ಸೇರಿತು. ಆಗಾಗ ಕಣ್ಣು ಹಳದಿ ಅನ್ನಿಸಿದಾಗ ಸೊಪ್ಪಿನ ಔಷಧಿ ಕುಡಿದರು.

2015ರಲ್ಲಿ ಈ ವೈರಸ್ ತೆಗೆಯುವ ಸೊಫೊಸ್ಬುವಿರ್ ಮಾತ್ರೆ ನಮ್ಮ ದೇಶದ ಕಂಪನಿಗಳಿಂದಲೇ ಕಡಿಮೆ ಬೆಲೆಗೆ ಬಂತು. ಅಮೆರಿಕದಲ್ಲಿ ಮೊದಲು ಬಂದಾಗ ಒಂದು ಮಾತ್ರೆಗೆ ಸಾವಿರ ಡಾಲರ್ ಇತ್ತು. 2018ರ ಜುಲೈ 28ರಂದು, ವಿಶ್ವ ಹೆಪಟೈಟಿಸ್ ದಿನ, ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ಪರೀಕ್ಷೆ, ಮಾತ್ರೆ ಎರಡೂ ಉಚಿತ. ಈ ಯಾವ ಸುದ್ದಿಯೂ ಆ ಪ್ಲಾಸ್ಟಿಕ್ ಕವರಿನವರೆಗೆ ತಲುಪಲಿಲ್ಲ.

2019ರ ಜನವರಿ

ಸಂಕ್ರಾಂತಿ ಕಳೆದ ವಾರ ಅಮ್ಮನನ್ನು ಕರೆದುಕೊಂಡು ಬಂದರು. ಎರಡು ದಿನದಿಂದ ಟಾರಿನ ಹಾಗೆ ಕಪ್ಪು ಮಲ. ಹೊಟ್ಟೆ ಉಬ್ಬಿತ್ತು, ಕಾಲು ಒತ್ತಿದರೆ ಗುಳಿ ಬೀಳುತ್ತಿತ್ತು. ವಯಸ್ಸು 52. ಹಿಮೋಗ್ಲೋಬಿನ್ 6.8, ಪ್ಲೇಟ್‌ಲೆಟ್ 62,000, ಲಿವರ್ ಕೆಟ್ಟಂತೆ ಏರುವ ಬಿಲಿರುಬಿನ್ 2.4, ಇಳಿಯುವ ಅಲ್ಬುಮಿನ್ 2.6. ಎಂಡೋಸ್ಕೋಪಿಯಲ್ಲಿ ಅನ್ನನಾಳದ ರಕ್ತನಾಳಗಳು ಉಬ್ಬಿ ಒಂದು ಒಡೆದಿತ್ತು. ಅದಕ್ಕೆ ಬ್ಯಾಂಡ್ ಹಾಕಿದರು. ರಕ್ತ ನಿಂತಿತು.

ಮೂರನೇ ದಿನ ಮಾತಾಡುವಷ್ಟು ಚೇತರಿಸಿಕೊಂಡಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ: "ನಮ್ಮನ್ಯಾಗೆ ಯಾರೂ ಕುಡಿಯಲ್ರೀ ಡಾಕ್ಟ್ರೇ. ನಂಗ್ಯಾಕೆ ಲಿವರ್ ಕೆಟ್ಟೈತೆ?" ಲಿವರ್ ಕೆಟ್ಟಿತು ಅಂದರೆ ಕುಡಿತ ಅಂತಲೇ ಊರು ತಿಳಿಯುತ್ತದೆ. ವಾರ್ಡಿನಲ್ಲಿ ನೋಡಲು ಬಂದ ನೆಂಟರೂ ಹಾಗೇ ಪಿಸುಗುಟ್ಟಿದ್ದರು. ಆಗ ಸೊಸೆ ಆ ಕವರ್ ತೆಗೆದು, ಮಡಿಕೆ ಬಿದ್ದ ಜಾಗದಲ್ಲಿ ಹರಿದುಹೋಗಿದ್ದ 2012ರ ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಏಳು ವರ್ಷ. ಅದನ್ನು ಓದುವಾಗ ನನಗಾದ ಸಂಕಟ ಇನ್ನೂ ನೆನಪಿದೆ.

ರಕ್ತದಲ್ಲಿ ವೈರಸ್ ಇತ್ತು. ಹೆಪಟೈಟಿಸ್ ಬಿ ಇರಲಿಲ್ಲ. ಸಿ ಮಾತ್ರೆ ಕೊಡುವ ಮುಂಚೆ ಬಿ ನೋಡಲೇಬೇಕು, ಒಳಗೆ ಅಡಗಿದ್ದರೆ ಅದು ಕೆರಳಬಹುದು. ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಇರಲಿಲ್ಲ. ಗಂಡ, ಇಬ್ಬರು ಮಕ್ಕಳನ್ನು ಪರೀಕ್ಷೆ ಮಾಡಿದೆವು, ಯಾರಿಗೂ ಇರಲಿಲ್ಲ. ಆದರೂ ಮನೆಗೆ ಹೋದ ಮೇಲೆ ಅಮ್ಮನಿಗೆ ತಟ್ಟೆ ಲೋಟ ಬೇರೆ ಇಟ್ಟಿದ್ದರು ಅಂತ ಆಮೇಲೆ ಗೊತ್ತಾಯಿತು. ಒಂದೇ ತಟ್ಟೆಯಲ್ಲಿ ಉಂಡರೆ ಇದು ಹರಡಲ್ಲ. ಹರಡುವುದು ರಕ್ತದಿಂದ. ಇದನ್ನು ಮೊದಲ ದಿನವೇ ಇಡೀ ಮನೆಯವರ ಮುಂದೆ ಹೇಳಬೇಕಿತ್ತು.

ಮಾತ್ರೆ ಯಾವಾಗ, ಎಷ್ಟು ದಿನ

ಇಲ್ಲಿ ಎರಡು ನಿರ್ಧಾರಗಳಿದ್ದವು. ಕಲಿಯುವ ವೈದ್ಯರು ಇವನ್ನು ಸ್ವಲ್ಪ ನಿಧಾನವಾಗಿ ನೋಡಲಿ ಅಂತ ಆಸೆ.

ಮೊದಲನೆಯದು, ಈ ಸ್ಥಿತಿಯಲ್ಲಿ ಮಾತ್ರೆ ಕೊಡಬೇಕಾ? ಲಿವರ್ ತೀರಾ ಕೆಟ್ಟವರಲ್ಲಿ ವೈರಸ್ ಹೋದರೂ ಲಿವರ್ ಏಳದೇ ಇರಬಹುದು. ಅಂಥವರಿಗೆ ಮೊದಲು ಲಿವರ್ ಕಸಿ, ಆಮೇಲೆ ಮಾತ್ರೆ ಅನ್ನುವ ಯೋಚನೆಯೂ ಇದೆ. ಲಿವರ್ ಎಷ್ಟು ಕೆಟ್ಟಿದೆ ಅಂತ ಅಳೆಯಲು ಎರಡು ಲೆಕ್ಕ ಇವೆ: ಚೈಲ್ಡ್ ದರ್ಜೆ (ಎ ಚೆನ್ನಾಗಿರುವುದು, ಸಿ ತೀರಾ ಕೆಟ್ಟದ್ದು) ಮತ್ತು ಮೆಲ್ಡ್ ಅಂಕ (ಹೆಚ್ಚಿದಷ್ಟೂ ಕೆಟ್ಟದ್ದು). ಅಮ್ಮನದು ಚೈಲ್ಡ್ ಬಿ, ಮೆಲ್ಡ್ ಅಂಕ 14. ಮೆಲ್ಡ್ 18ರಿಂದ 20 ದಾಟಿದ್ದರೆ ಕಸಿಯ ಮಾತು ಮೊದಲು ಬರುತ್ತಿತ್ತು. 14ಕ್ಕೆ ಮಾತ್ರೆಯೇ ಸರಿ ಅಂತ ಅನ್ನಿಸಿತು. ಕಸಿ ಅವರ ಕೈಗೆಟುಕುವ ಮಾತೂ ಆಗಿರಲಿಲ್ಲ.

ಎರಡನೆಯದು, ಯಾವ ಮಾತ್ರೆ? ಹೊಟ್ಟೆಯಲ್ಲಿ ನೀರು ತುಂಬುವ ಹಂತದವರಿಗೆ ಸೊಫೊಸ್ಬುವಿರ್, ವೆಲ್ಪಟಾಸ್ವಿರ್ ಜೊತೆ ರಿಬಾವಿರಿನ್ ಸೇರಿಸಿ 12 ವಾರ ಕೊಡುವುದು ರೂಢಿ. ರಿಬಾವಿರಿನ್ ತಡೆಯದವರಿಗೆ ಅದನ್ನು ಬಿಟ್ಟು 24 ವಾರ. ಇಂಥ ರೋಗಿಗಳ ಮೇಲೆ 2015ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ರಿಬಾವಿರಿನ್ ಸೇರಿಸಿದವರಲ್ಲಿ ನೂರಕ್ಕೆ 94 ಜನರಿಗೆ ವೈರಸ್ ಹೋಯಿತು, ಬರೀ 24 ವಾರದವರಲ್ಲಿ 86 ಜನರಿಗೆ. ಆದರೆ ರಿಬಾವಿರಿನ್ ಕೆಂಪು ರಕ್ತಕಣ ಒಡೆಯುತ್ತದೆ. ಆರು ವಾರ ಕಾದು, ಕಬ್ಬಿಣಾಂಶ ಕೊಟ್ಟರೂ ಅಮ್ಮನ ಹಿಮೋಗ್ಲೋಬಿನ್ 9.2ಕ್ಕೆ ನಿಂತಿತ್ತು. ಹಾಗಾಗಿ ವೈರಸ್ ಯಾವ ಬಗೆಯದು ಅಂತ ಹೇಳುವ ಜೀನೋಟೈಪ್ ಪರೀಕ್ಷೆ ಮಾಡಿಸಿದೆ. ಈಗಿನ ಮಾತ್ರೆಗಳು ಎಲ್ಲ ಬಗೆಯ ವೈರಸ್‌ಗೂ ಕೆಲಸ ಮಾಡುವುದರಿಂದ ಇದನ್ನು ಸಾಮಾನ್ಯವಾಗಿ ಮಾಡಿಸಲ್ಲ. ನಮ್ಮ ದೇಶದಲ್ಲಿ 3ನೇ ಬಗೆ ಜಾಸ್ತಿ. ಅದೇ ಆಗಿದ್ದರೆ ಈ ಹಂತದಲ್ಲಿ ರಿಬಾವಿರಿನ್ ಇಲ್ಲದೆ ಗೆಲ್ಲುವುದು ಕಷ್ಟ, ಅದೇ ಪ್ರಯೋಗದಲ್ಲಿ ಅರ್ಧ ಜನರಿಗಷ್ಟೇ ಗುಣವಾಗಿತ್ತು. ಅಮ್ಮನದು 1ನೇ ಬಗೆ ಅಂತ ಬಂತು. 24 ವಾರ ಅಂತ ತೀರ್ಮಾನಿಸಿದೆವು. ದಿನಕ್ಕೊಂದು ಮಾತ್ರೆ, 28 ಮಾತ್ರೆಯ ಆರು ಡಬ್ಬಿ, ಸರ್ಕಾರದ ಕಾರ್ಯಕ್ರಮದಡಿ ಬಂದವು.

ಒಂದು ತಿಂಗಳಿಗೆ ನೋಡಿದಾಗ ವೈರಸ್ ಬಹಳ ಇಳಿದಿತ್ತು, ಇನ್ನೂ ಸ್ವಲ್ಪ ಕಾಣುತ್ತಿತ್ತು. ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ ಅಂದೆ. ಒಂದು ದಿನವೂ ತಪ್ಪಿಸಿಲ್ಲ ಅಂದರು. ಸುಮ್ನೆ ಒಂದು ಯೋಚನೆ ಬಂತು. ಮನೆಯಲ್ಲಿರುವ ಎಲ್ಲ ಮಾತ್ರೆ ತಂದು ತೋರಿಸಿ ಅಂದೆ. ಮುಂದಿನ ವಾರ ಸೊಸೆ ಕವರನ್ನು ನನ್ನ ಮೇಜಿನ ಮೇಲೆ ಸುರಿದರು. ಅದರಲ್ಲಿ ಗ್ಯಾಸ್ ಮಾತ್ರೆಯ ಸ್ಟ್ರಿಪ್ ಮೂರಿದ್ದವು. ಬ್ಯಾಂಡ್ ಹಾಕಿದಾಗ ಹತ್ತು ದಿನಕ್ಕೆ ಅಂತ ಬರೆದುಕೊಟ್ಟ ಪ್ಯಾಂಟೊಪ್ರಜೋಲ್ ಅದು. ಹಳೇ ಚೀಟಿ ತೋರಿಸಿದರೆ ಔಷಧಿ ಅಂಗಡಿಯಲ್ಲಿ ಕೊಡುತ್ತಲೇ ಇದ್ದರು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಅದು, ಅದರ ಹಿಂದೆಯೇ ವೈರಸ್ ಮಾತ್ರೆ. ವೆಲ್ಪಟಾಸ್ವಿರ್ ಮೈಗೆ ಹತ್ತಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಬೇಕು. ಗ್ಯಾಸ್ ಮಾತ್ರೆ ಆ ಆಮ್ಲವನ್ನೇ ನಿಲ್ಲಿಸುತ್ತದೆ. ಅವತ್ತೇ ಬಿಡಿಸಿದೆ. ವೈರಸ್ ನಿಧಾನವಾಗಿ ಇಳಿದದ್ದು ಇದರಿಂದಲೇ ಅಂತ ಖಂಡಿತ ಹೇಳಲಾರೆ. ಆದರೆ ನಮ್ಮ ಊರುಗಳಲ್ಲಿ ಗ್ಯಾಸ್ ಮಾತ್ರೆಯನ್ನು ಔಷಧಿ ಅಂತ ಯಾರೂ ಲೆಕ್ಕಕ್ಕೆ ಹಿಡಿಯಲ್ಲ, ಕೇಳಿದರೆ ಹೇಳುವುದೂ ಇಲ್ಲ, ಅಲ್ವಾ? ಈಗ ಮೊದಲ ಡಬ್ಬಿ ಕೊಡುವ ಮುಂಚೆಯೇ ಆ ಕವರ್ ತರಿಸುತ್ತೇನೆ.

ಆಗಸ್ಟ್ ಕೊನೆಗೆ ಮಾತ್ರೆ ಮುಗಿಯಿತು. 12 ವಾರ ಬಿಟ್ಟು, ನವೆಂಬರ್‌ನಲ್ಲಿ ಮತ್ತೆ ಪರೀಕ್ಷೆ. ವೈರಸ್ ಇಲ್ಲ.

ನಾನು ಬರೆದ ಒಂದು ಪದ

ಆ ದಿನ ಎಲ್ಲರಿಗೂ ಖುಷಿ. ನಾನು ಅಮ್ಮನ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ "ವೈರಸ್ ಇಲ್ಲ, ಗುಣವಾಗಿದೆ" ಅಂತ ಬರೆದು ಎರಡು ಗೆರೆ ಎಳೆದೆ. ಅದರ ಕೆಳಗೆ, ಸಣ್ಣಕ್ಷರದಲ್ಲಿ, ಲಿವರ್ ಕ್ಯಾನ್ಸರ್ ಬಂದಿದೆಯಾ ಅಂತ ನೋಡಲು ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮತ್ತು ಎಎಫ್‌ಪಿ ರಕ್ತ ಪರೀಕ್ಷೆ ಮಾಡಿಸಬೇಕು ಅಂತ ಇಂಗ್ಲಿಷ್ ಸಂಕ್ಷೇಪದಲ್ಲಿ ಬರೆದೆ. ಆ ಮನೆಯಲ್ಲಿ ಅದನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ. ಕೆಂಪಕ್ಷರವನ್ನು ಎಲ್ಲರೂ ಓದಿದರು.

ಲಿವರ್ ನಿಜಕ್ಕೂ ಎದ್ದಿತ್ತು. 2020ರ ಫೆಬ್ರುವರಿಗೆ ಹೊಟ್ಟೆಯಲ್ಲಿ ನೀರು ಇರಲಿಲ್ಲ, ನೀರು ಇಳಿಸುವ ಮಾತ್ರೆ ನಿಲ್ಲಿಸಿದ್ದೆವು. ಅಲ್ಬುಮಿನ್ 3.6, ಬಿಲಿರುಬಿನ್ 1.1, ಪ್ಲೇಟ್‌ಲೆಟ್ 84,000. ಚೈಲ್ಡ್ ಬಿ ಇದ್ದವರು ಎ ಆಗಿದ್ದರು. ಶೇಂಗಾ ಸುಲಿಯಲು ಕೂತಿದ್ದೆ ಅಂತ ಸೊಂಟನೋವಿನ ದೂರು ಹೇಳಿದಾಗ ನನಗೆ ಸಂತೋಷವೇ ಆಯಿತು. ಒಂದು ವರ್ಷದ ಹಿಂದೆ ಅವರಿಗೆ ಕೂರಲು ಆಗುತ್ತಿರಲಿಲ್ಲ.

ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಆಗಸ್ಟ್‌ನ ಸ್ಕ್ಯಾನಿಂಗ್ ತಪ್ಪಿತು. 2021ರ ಫೆಬ್ರುವರಿಯದೂ ತಪ್ಪಿತು. ಅನ್ನನಾಳದ ರಕ್ತನಾಳದ ಒತ್ತಡಕ್ಕೆ ಕೊಡುತ್ತಿದ್ದ ಕಾರ್ವೆಡಿಲಾಲ್ ಕೂಡ ಬಿಟ್ಟರು. ಕೊರೋನಾ ಅಂತ ಸಮಾಧಾನ ಮಾಡಿಕೊಳ್ಳಬಹುದು. ಆದರೆ ಬಸ್ಸು ಓಡಾಡಲು ಶುರುವಾದ ಮೇಲೂ ಅವರು ಬರಲಿಲ್ಲ. ಯಾಕೆ ಬರಬೇಕು? ಗುಣವಾಗಿದೆ ಅಂತ ಡಾಕ್ಟರೇ ಬರೆದುಕೊಟ್ಟಿದ್ದಾರೆ.

2021ರ ಅಕ್ಟೋಬರ್

ಅವರನ್ನು ಮತ್ತೆ ಕರೆತಂದದ್ದು ಕಣ್ಣಿನ ಪೊರೆ. ಆಪರೇಷನ್‌ಗೆ ಮುಂಚಿನ ರಕ್ತ ಪರೀಕ್ಷೆಯಲ್ಲಿ ಮತ್ತೆ "ಎಚ್‌ಸಿವಿ ರಿಯಾಕ್ಟಿವ್" ಅಂತ ಬಂದು, ಅಲ್ಲಿನವರು ಆಪರೇಷನ್ ಮುಂದಕ್ಕೆ ಹಾಕಿದ್ದರು. ಮಗ ಸಿಟ್ಟಿನಲ್ಲೇ ಬಂದರು. "ಹೋಗೈತೆ ಅಂದ್ರಿ, ಮತ್ತೆ ಬಂದೈತಲ್ಲ ಸಾರ್?"

ಮತ್ತೆ ಬಂದಿರಲಿಲ್ಲ. ರಿಯಾಕ್ಟಿವ್ ಅಂತ ತೋರಿಸಿದ ಆ ರಕ್ತ ಪರೀಕ್ಷೆ (ಕಾರ್ಡ್ ಪರೀಕ್ಷೆ ಅನ್ನುತ್ತೇವೆ) ನೋಡುವುದು ವೈರಸ್ ಅಲ್ಲ, ವೈರಸ್ ವಿರುದ್ಧ ಮೈ ಮಾಡಿಕೊಂಡ ಪ್ರತಿಕಾಯ. ಅದು ವೈರಸ್ ಹೋದ ಮೇಲೂ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಒಮ್ಮೆ ಗುಣವಾದವರಲ್ಲಿ ನೋಡಬೇಕಾದ್ದು ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆ ಮಾತ್ರ. ಅದನ್ನು ಮಾಡಿಸಿದೆ, ವೈರಸ್ ಇರಲಿಲ್ಲ. ಈ ಮಾತನ್ನು 2019ರಲ್ಲೇ ಕನ್ನಡದಲ್ಲಿ ಬರೆದುಕೊಟ್ಟಿದ್ದರೆ ಆಪರೇಷನ್ ನಿಲ್ಲುತ್ತಿರಲಿಲ್ಲ, ಆ ಮನೆಯವರು ಎರಡು ವಾರ ನಿದ್ದೆಗೆಡುತ್ತಿರಲಿಲ್ಲ.

ಬಂದಿದ್ದಾರಲ್ಲ ಅಂತ ಅದೇ ದಿನ ಸ್ಕ್ಯಾನಿಂಗ್‌ಗೆ ಕಳಿಸಿದೆ. ಲಿವರಿನ ಬಲಭಾಗದಲ್ಲಿ ಒಂದು ಸಣ್ಣ ಗಂಟು. ಬಣ್ಣದ ಇಂಜೆಕ್ಷನ್ ಕೊಟ್ಟು ಮೂರು ಹಂತದ ಸಿಟಿ ತೆಗೆಸಿದಾಗ ಅದು ಮೊದಲು ಬೆಳಗಿ ಆಮೇಲೆ ಮಸುಕಾಯಿತು. ಸಿರೋಸಿಸ್ ಇರುವವರಲ್ಲಿ ಇಂಥ ನಡವಳಿಕೆ ಅಂದರೆ ಲಿವರ್ ಕ್ಯಾನ್ಸರ್ ಅಂತಲೇ ಹಿಡಿಯುತ್ತೇವೆ, ಸೂಜಿ ಹಾಕಿ ತುಣುಕು ತೆಗೆಯುವುದು ಬಹುತೇಕ ಬೇಕಾಗಲ್ಲ. ಅಳತೆ 1.9 ಸೆಂಟಿಮೀಟರ್. ಎಎಫ್‌ಪಿ ಬರೀ 14. ರಕ್ತ ಪರೀಕ್ಷೆಯನ್ನಷ್ಟೇ ನಂಬಿದ್ದರೆ ತಪ್ಪಿಹೋಗುತ್ತಿತ್ತು.

ಮಗ ಕೇಳಿದರು, ಆ ಮಾತ್ರೆಯಿಂದಲೇ ಕ್ಯಾನ್ಸರ್ ಬಂತಾ ಅಂತ. ನ್ಯಾಯವಾದ ಪ್ರಶ್ನೆ. 2016ರಲ್ಲಿ ಸ್ಪೇನ್, ಇಟಲಿಯ ವೈದ್ಯರಿಗೂ ಅಂಥದೇ ಅನುಮಾನ ಬಂದಿತ್ತು. ಆಮೇಲೆ ಫ್ರಾನ್ಸ್‌ನಲ್ಲಿ ಸುಮಾರು 10,000 ಜನರನ್ನು ಹಿಂಬಾಲಿಸಿ ನೋಡಿದಾಗ ಮಾತ್ರೆ ತಗೊಂಡವರಲ್ಲೇ ಸಾವೂ ಕಡಿಮೆ, ಲಿವರ್ ಕ್ಯಾನ್ಸರ್ ಕೂಡ ಕಡಿಮೆ ಅಂತ 2019ರಲ್ಲಿ ವರದಿಯಾಯಿತು. ಕ್ಯಾನ್ಸರ್ ಹುಟ್ಟುವುದು ಗಾಯ ಮಾಯದೆ ಗಟ್ಟಿಯಾಗಿ ಉಳಿದ ಲಿವರಿನಲ್ಲಿ. ವೈರಸ್ ಹೋದರೆ ಆ ಅಪಾಯ ತಗ್ಗುತ್ತದೆ, ಸೊನ್ನೆ ಆಗಲ್ಲ. ಇಂಟರ್‌ಫೆರಾನ್ ಕಾಲದ್ದೇ ಇನ್ನೊಂದು ಅಧ್ಯಯನ ಇದೆ, 2012ರದು. ಯುರೋಪ್ ಮತ್ತು ಕೆನಡಾದ, ಲಿವರ್ ಬಹಳ ಗಟ್ಟಿಯಾಗಿದ್ದ 530 ಜನ. ಹತ್ತು ವರ್ಷದಲ್ಲಿ ವೈರಸ್ ಹೋದವರಲ್ಲಿ ತೀರಿಕೊಂಡವರು ನೂರಕ್ಕೆ ಸುಮಾರು 9, ಹೋಗದವರಲ್ಲಿ 26. ಲಿವರ್ ಕ್ಯಾನ್ಸರ್ ಬಂದವರು ನೂರಕ್ಕೆ ಸುಮಾರು 5 ಮತ್ತು 22. ಅಮ್ಮ ಆ ಐದರ ಗುಂಪಿನವರು. ಕಾರ್ಡ್ ಬರೆಯುವಾಗ ನಾನು ಮರೆತದ್ದು ಆ ಐದನ್ನು.

ಬೆಂಗಳೂರಿಗೆ ಕಳಿಸಿದೆವು. ಸೂಜಿ ತೂರಿಸಿ ಗಂಟನ್ನು ಸುಡುವ ಚಿಕಿತ್ಸೆ ಮಾಡಿದರು. ಅದಕ್ಕೆ ಮುಂಚೆ ಎಂಡೋಸ್ಕೋಪಿ ಮಾಡಿದಾಗ ಅನ್ನನಾಳದ ರಕ್ತನಾಳಗಳು ಇನ್ನೂ ಉಬ್ಬಿಯೇ ಇದ್ದವು, ಮತ್ತೆ ಬ್ಯಾಂಡ್ ಬೇಕಾಯಿತು. ಇದೂ ಗೊತ್ತಿರಬೇಕಾದ ಸಂಗತಿ. ಲಿವರಿನ ರಕ್ತನಾಳದಲ್ಲಿ ಮೊದಲೇ ಒತ್ತಡ ಜಾಸ್ತಿ ಇದ್ದವರಲ್ಲಿ ವೈರಸ್ ಹೋಗಿ ಎರಡು ವರ್ಷ ಕಳೆದರೂ ಸುಮಾರು ಅರ್ಧ ಜನರಲ್ಲಿ ಒತ್ತಡ ಅಪಾಯದ ಮಟ್ಟದಲ್ಲೇ ಉಳಿಯುತ್ತದೆ. ಅಮ್ಮನ ಅಲ್ಬುಮಿನ್ ಚೆನ್ನಾಗಿತ್ತು, ಹೊಟ್ಟೆಯಲ್ಲಿ ನೀರಿರಲಿಲ್ಲ, ಅದಕ್ಕೇ ಆ ಚಿಕಿತ್ಸೆಯನ್ನು ತಡೆದುಕೊಂಡರು. 2019ರ ಜನವರಿಯ ಆ ಹೊಟ್ಟೆಯಲ್ಲಿ ಇದೇ ಗಂಟು ಸಿಕ್ಕಿದ್ದರೆ ನಮ್ಮ ಕೈಯಲ್ಲಿ ಮಾಡುವಂಥದ್ದು ಬಹಳ ಇರುತ್ತಿರಲಿಲ್ಲ. ವೈರಸ್ ಮಾತ್ರೆ ಕ್ಯಾನ್ಸರ್ ತಡೆಯಲಿಲ್ಲ ನಿಜ, ಆದರೆ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುವ ಶಕ್ತಿ ಕೊಟ್ಟಿದ್ದು ಅದೇ.

ಆಮೇಲೆ

ಮೊದಮೊದಲು ಮೂರು ತಿಂಗಳಿಗೊಮ್ಮೆ ಸಿಟಿ ಅಥವಾ ಎಂಆರ್‌ಐ. ಈಗ ಆರು ತಿಂಗಳಿಗೊಮ್ಮೆ. ದಿನಾಂಕ ನೆನಪಿಡುವುದು ಹೇಗೆ ಅನ್ನುವುದಕ್ಕೆ ದಾರಿ ತೋರಿಸಿದ್ದು ಸೊಸೆ. "ಆರು ತಿಂಗ್ಳು ಅಂದ್ರೆ ಮರೀತೀವಿ ಸಾರ್. ಯುಗಾದಿ ಆದ್ಮ್ಯಾಲೆ ಒಂದು, ದಸರಾ ಆದ್ಮ್ಯಾಲೆ ಒಂದು ಅಂತ ಬರ್ಕೊಡ್ರಿ." ಹಾಗೇ ಬರೆದುಕೊಟ್ಟೆ. ಆಮೇಲೆ ಒಂದೂ ತಪ್ಪಿಲ್ಲ. ಈಗ ನನ್ನ ಬಳಿ ಬರುವ ಎಲ್ಲ ಸಿರೋಸಿಸ್ ರೋಗಿಗಳಿಗೂ ಹಬ್ಬದ ಹೆಸರಲ್ಲೇ ಬರೆಯುತ್ತೇನೆ. ಕೆಲವರಿಗೆ ಯುಗಾದಿ, ದಸರಾ. ಕೆಲವರಿಗೆ ಅವರ ಊರ ಜಾತ್ರೆ. "ಗುಣವಾಗಿದೆ" ಅಂತ ಬರೆಯುವುದನ್ನು ಬಿಟ್ಟಿದ್ದೇನೆ. "ವೈರಸ್ ಹೋಗಿದೆ. ಲಿವರಿನ ಗಾಯ ಇದೆ. ಜೀವನಪೂರ್ತಿ ಸ್ಕ್ಯಾನಿಂಗ್ ಬೇಕು. ಎಚ್‌ಸಿವಿ ಕಾರ್ಡ್ ಪರೀಕ್ಷೆ ಯಾವಾಗಲೂ ಪಾಸಿಟಿವ್ ಬರುತ್ತೆ, ಹೆದರಬೇಡಿ." ಇಷ್ಟನ್ನು ಕನ್ನಡದಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ ಬರೆಯುತ್ತೇನೆ.

ಇನ್ನೊಂದು ಅಭ್ಯಾಸವೂ ಅಮ್ಮನಿಂದ ಬಂತು. ನಲವತ್ತೈದು ದಾಟಿದ ಯಾವ ಹೆಣ್ಣುಮಗಳು ಯಾವ ಕಾಯಿಲೆಗೆ ಬಂದರೂ ಕೇಳುತ್ತೇನೆ: "ಹೆರಿಗೆಯಲ್ಲಿ ರಕ್ತ ಹಾಕಿದ್ದರಾ? ಯಾವ ವರ್ಷ?" ವರ್ಷ ನೆನಪಿರಲ್ಲ, ಮಗುವಿನ ವಯಸ್ಸು ನೆನಪಿರುತ್ತದೆ. ಆ ಮಗು 2001ಕ್ಕಿಂತ ಮುಂಚೆ ಹುಟ್ಟಿದ್ದಾದರೆ ಪರೀಕ್ಷೆ ಬರೆಯುತ್ತೇನೆ.

2025ರ ಅಕ್ಟೋಬರ್‌ನಲ್ಲಿ, ದಸರಾ ಆದಮೇಲೆ, ಅಮ್ಮ ಬಂದಿದ್ದರು. ವೈರಸ್ ಹೋಗಿ ಆರು ವರ್ಷ, ಗಂಟು ಸುಟ್ಟು ನಾಲ್ಕು ವರ್ಷ. ಹೊಸ ಗಂಟಿಲ್ಲ. ಪ್ಲೇಟ್‌ಲೆಟ್ 98,000. ಲಿವರಿನ ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನ್ 28ರಿಂದ 17ಕ್ಕೆ ಇಳಿದಿದೆ. ಆದರೆ ಈ ಅಂಕಿ ಇಳಿದ ಮಾತ್ರಕ್ಕೆ ಸಿರೋಸಿಸ್ ಹೋಯಿತು ಅಂತ ಲೆಕ್ಕ ಹಾಕಬಾರದು, ಸ್ಕ್ಯಾನಿಂಗ್ ನಿಲ್ಲಿಸಬಾರದು.

ಈಗ ನನಗಿರುವ ಚಿಂತೆ ಬೇರೆ. 51 ಕೆಜಿ ಇದ್ದವರು 63 ಆಗಿದ್ದಾರೆ. ಎರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮೂರು ತಿಂಗಳ ಸರಾಸರಿ 7.8. ವೈರಸ್ ಬಿಟ್ಟುಹೋದ ಲಿವರಿಗೆ ಕೊಬ್ಬು, ಸಕ್ಕರೆ ಎರಡೂ ಹೊಸ ಹೊರೆ. ಇದನ್ನು ಹೇಳುವಾಗ ಸೊಸೆ ನೆಲ ನೋಡುತ್ತಿದ್ದರು. ಸ್ಕ್ಯಾನಿಂಗ್‌ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಲ್ಲ, ಮುಗಿದ ಮೇಲೆ ಬೆಣ್ಣೆ ದೋಸೆ ಕೊಡಿಸ್ತೀನಿ ಅಂತ ಆಸೆ ಹುಟ್ಟಿಸಿಯೇ ಅತ್ತೆಯನ್ನು ಇಷ್ಟು ವರ್ಷ ಕರೆದುಕೊಂಡು ಬಂದಿರುವುದು. ಅದನ್ನು ಬಿಡಿ ಅನ್ನಲು ನನಗೆ ಬಾಯಿ ಬರಲಿಲ್ಲ. ವರ್ಷಕ್ಕೆ ಎರಡೇ ಸಲ, ಒಂದೇ ದೋಸೆ, ಮನೆಯಲ್ಲಿ ರೊಟ್ಟಿ ಮತ್ತು ಸೊಪ್ಪು ಜಾಸ್ತಿ, ಅನ್ನ ಕಡಿಮೆ ಅಂತ ಮೂವರೂ ಒಪ್ಪಿಕೊಂಡೆವು.